ಸೀಡಿಯ ಮೇಲೆ ಇಲ್ಲದ ಗೆರೆ

ನನ್ನ ತಂಗಿ ಹುಲಿಗೆಮ್ಮ ನನಗೊಂದು ಸಣ್ಣ ಕೆಲಸ ಹೇಳಿದ್ದಳು. ಮಣಿ, ಜರಿ ತರಲು ನೀನು ಹೇಗೂ ರಾಯಚೂರಿಗೆ ಹೋಗುತ್ತೀ, ಹೋದಾಗ ಈ ಸೀಡಿಯೊಳಗೆ ಇರುವುದನ್ನು ಈ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಾ ಎಂದಿದ್ದಳು. ಅಷ್ಟೇ ಕೆಲಸ. ಸೀಡಿ ನನ್ನ ಚೀಲದಲ್ಲಿ ಕೂತು ರಾಯಚೂರು ನೋಡಿತು, ಮಾನ್ವಿಗೆ ವಾಪಸ್ಸು ಬಂತು, ಮತ್ತೆ ಹೋಯಿತು, ಮತ್ತೆ ಬಂತು. ನಾನು ಹಾಕಿಸಲಿಲ್ಲ. ಯಾಕೆ ಹಾಕಿಸಲಿಲ್ಲ ಎಂದು ಅವಳಿಗೆ ಹೇಳಿದ ಕಾರಣಗಳಲ್ಲಿ ಒಂದೂ ನಿಜವಲ್ಲ.

ಆ ಸೀಡಿ ಈಗ ನನ್ನ ಸೂಜಿ ಡಬ್ಬಿಯಲ್ಲಿದೆ. ನಾನು ರವಿಕೆಗಳಿಗೆ ಕೈಕಸೂತಿ ಹಾಕುವವಳು. ಬೆನ್ನಿನ ಮೇಲೆ ದುಂಡನೆಯ ಹೂವಿನ ಚಕ್ರ ಬೇಕೆಂದು ಯಾರಾದರೂ ಕೇಳಿದರೆ ಈ ಸೀಡಿಯನ್ನು ಬಟ್ಟೆಯ ಮೇಲಿಟ್ಟು ಸುತ್ತಲೂ ಚಾಕ್ ಎಳೆಯುತ್ತೇನೆ. ಮೊದಲು ಇದಕ್ಕೆ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಇತ್ತು. ಅದಕ್ಕೆ ಒಂದು ಕಡೆ ತಗ್ಗು ಬಿದ್ದು, ಮಾನ್ವಿಯ ಎಷ್ಟೋ ಮದುಮಕ್ಕಳ ಬೆನ್ನಿನ ಚಂದ್ರ ಒಂದು ಪಕ್ಕಕ್ಕೆ ಸೊಟ್ಟಗಿದ್ದಾನೆ. ಸೀಡಿಗೆ ಆ ತೊಂದರೆ ಇಲ್ಲ. ನಡುವೆ ತೂತು ಬೇರೆ ಇದೆ, ಮಧ್ಯದ ಗುರುತು ಹಾಕಲು. ಇದನ್ನು ಮಾಡಿದ ಪುಣ್ಯಾತ್ಮರಿಗೆ ಹೊಲಿಗೆ ಗೊತ್ತಿತ್ತೋ ಏನೋ. ಚಾಕ್ ಎಳೆಯುವಾಗ ಬೆರಳು ಅದರ ಮೈಮೇಲೆ ಜಾರುತ್ತದೆ. ನುಣ್ಣಗಿದೆ, ಎಲ್ಲೂ ಒಂದು ಗೆರೆ ಇಲ್ಲ. ಆ ನುಣುಪಿಗೆ ಬೆರಳು ತಾಗಿದಾಗಲೆಲ್ಲ ನನಗೆ ತಂಗಿಯ ಮಗಳು ನೆನಪಾಗುತ್ತಾಳೆ.

ಅದಕ್ಕೆ ಮೊದಲು ನನ್ನ ಸಂಶಯದ ಬಗ್ಗೆ ಹೇಳಿಬಿಡಬೇಕು. ನಾನು ಚಹಾಪುಡಿಯ ಪಾಕೀಟನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಕೊಳ್ಳುವುದಿಲ್ಲ. ಏನು ಕೇಳಿಸುತ್ತದೆ ಎಂದು ನೀವು ಕೇಳಬೇಡಿ, ನನಗೂ ಗೊತ್ತಿಲ್ಲ. ಗ್ಯಾಸಿನ ಸಿಲಿಂಡರ್ ಬಂದರೆ ಮೊದಲು ನಾನು ಎತ್ತಿ ನೋಡಬೇಕು. ಡಾಕ್ಟರು ಸೂಜಿ ಮಾಡಿದರೆ ಒಳಗೆ ಔಷಧಿ ಇತ್ತೋ ಬರೀ ನೀರಿತ್ತೋ ಎಂದು ಮನೆಗೆ ಬರುವವರೆಗೆ ತೋಳನ್ನೇ ವಿಚಾರಿಸುತ್ತಿರುತ್ತೇನೆ. ಬಸ್ಸಿನಲ್ಲಿ ಪಕ್ಕದವಳು ನಗುನಗುತ್ತ ಮಾತಾಡಿಸಿದರೆ ಚೀಲವನ್ನು ಈಚೆ ಕಡೆಗೆ ಎಳೆದುಕೊಳ್ಳುತ್ತೇನೆ. ಮಾತಾಡಿಸದೆ ಸುಮ್ಮನೆ ಕೂತರೂ ಎಳೆದುಕೊಳ್ಳುತ್ತೇನೆ. ನಮ್ಮ ಯಜಮಾನರು ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ, ದಿನವಿಡೀ ಮಾತಾಡುವುದು ಕಡಿಮೆ. ಅವರೂ ಒಮ್ಮೆ ನಾನು ಕನ್ನಡಿ ನೋಡಿ ತಲೆ ಬಾಚುತ್ತಿರುವಾಗ ಹೇಳಿದರು:

"ಸ್ವಲ್ಪ ಹುಷಾರಾಗಿರು. ಆ ಒಳಗಿದ್ದಾಕಿ ಬಾಚಣಿಗಿ ಕಸಗೊಂಡಾಳು."

ಈ ಸಂಶಯ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕಲಿತದ್ದು, ಕಸೂತಿಯ ಜೊತೆಗೇ. ನಾವು ಚಿಕ್ಕವರಿದ್ದಾಗ ಅಪ್ಪ ರಾಯಚೂರಿನ ಗಂಜ್‌ನಲ್ಲಿ ಮೂಟೆ ಹೊರುವ ಹಮಾಲಿ ಮಾಡುತ್ತಿದ್ದ. ನಮ್ಮ ಓಣಿಯಲ್ಲಿ ಜರಿ ಕೆಲಸ ಮಾಡುವ ಒಬ್ಬ ಮುದುಕಿ ಇದ್ದಳು, ಓಣಿಗೆಲ್ಲ ಅವಳು ಖಾಲಾ. ಐದನೇ ಇಯತ್ತೆ ಮುಗಿದ ಕೂಡಲೇ ನನ್ನನ್ನು ಶಾಲೆ ಬಿಡಿಸಿ ಖಾಲಾನ ಕಟ್ಟಿಗೆ ಚೌಕಟ್ಟಿನ ಮುಂದೆ ಕೂರಿಸಿದರು. ಹುಲಿಗೆಮ್ಮ ಆಗ ಮೂಗು ಒರೆಸಿಕೊಳ್ಳುತ್ತ ಹೊಸ್ತಿಲ ಮೇಲೆ ಕೂತು ಬಿದ್ದ ಮಣಿಗಳನ್ನು ಆರಿಸುತ್ತಿದ್ದಳು. ಆರಿಸಿದ್ದನ್ನು ಕಿವಿಯಲ್ಲಿ ಹಾಕಿಕೊಂಡು ಒಮ್ಮೆ ದೊಡ್ಡ ರಂಪವೂ ಆಗಿತ್ತು. ಮುಂದೆ ಅವಳನ್ನು ಶಾಲೆ ಬಿಡಿಸಲಿಲ್ಲ, ಪಿಯುಸಿವರೆಗೆ ಓದಿದಳು, ಕಂಪ್ಯೂಟರ್ ಕಲಿತಳು. ಅವಳ ಯೂನಿಫಾರ್ಮಿಗೆ ಇಸ್ತ್ರಿ ಮಾಡುತ್ತಿದ್ದವಳು ನಾನು. ಅದನ್ನು ಇಲ್ಲಿ ಯಾಕೆ ಹೇಳಿದೆ ಎಂದರೆ, ಮನಸ್ಸಿನಲ್ಲಿ ಅದು ಎಲ್ಲೋ ಮಡಚಿಕೊಂಡು ಕೂತಿತ್ತು, ಅದಕ್ಕೆ.

ಖಾಲಾ ಕಲಿಸಿದ ವಿದ್ಯೆಯಲ್ಲಿ ಮುಖ್ಯವಾದದ್ದು ಖಾಕಾ. ತೆಳುವಾದ ಕಾಗದದ ಮೇಲೆ ಹೂಬಳ್ಳಿ ಬರೆದು, ಗೆರೆಯ ಉದ್ದಕ್ಕೂ ಸೂಜಿಯಿಂದ ತೂತು ಚುಚ್ಚಿಟ್ಟರೆ ಅದು ಖಾಕಾ. ಆ ಕಾಗದವನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಅರಿವೆಯಿಂದ ತಿಕ್ಕಿದರೆ ತೂತಿನ ಮೂಲಕ ಹೂವು ಬಟ್ಟೆಗೆ ಇಳಿಯುತ್ತದೆ. ಬರೆದು ಚುಚ್ಚಲು ದಿನಗಟ್ಟಲೆ ಬೇಕು. ಕದಿಯಲು ಮಾತ್ರ ಒಂದು ಗಳಿಗೆ ಸಾಕು, ಅದರ ಕೆಳಗೆ ಇನ್ನೊಂದು ಕಾಗದ ಇಟ್ಟು ತಿಕ್ಕಿದರಾಯಿತು, ನಿಮ್ಮ ಹೂವು ಅವರ ಮನೆಗೆ ಹೋಯಿತು.

"ಬೇಟಿ, ಸೂಜಿ ಕೇಳಿದ್ರ ಕೊಡು, ದಾರ ಕೇಳಿದ್ರ ಕೊಡು," ಎನ್ನುತ್ತಿದ್ದಳು ಖಾಲಾ. "ಖಾಕಾ ಕೇಳಿದ್ರ ಮನ್ಯಾಗ ಇಲ್ಲ ಅನ್ನು."

ಕೊಡಲೇಬೇಕಾದಂಥವರು ಕೇಳಿದರೆ ಅವಳದೊಂದು ಉಪಾಯ ಇತ್ತು. ಒಂದೇ ಒಂದು ಎಲೆಯ ತೂತುಗಳ ಮೇಲೆ ಮೇಣ ತಿಕ್ಕಿ ಮುಚ್ಚಿ ಕೊಡುತ್ತಿದ್ದಳು. ಆಮೇಲೆ ಊರಿನಲ್ಲಿ ಎಲ್ಲಾದರೂ ಆ ಎಲೆ ಇಲ್ಲದ ಬಳ್ಳಿ ಕಂಡರೆ ಯಾರು ಕದ್ದರು, ಯಾರಿಗೆ ಕೊಟ್ಟರು ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ನಾನೂ ಹಾಗೇ ಆಗಿಬಿಟ್ಟೆ. ಮದುವೆ ಮನೆಗೆ ಹೋದರೆ ನಾನು ಯಾರ ಮುಖವನ್ನೂ ನೋಡುವುದಿಲ್ಲ, ಬೆನ್ನು ನೋಡುತ್ತೇನೆ. ಹಿರೇಕೊಟ್ನೆಕಲ್‌ನ ಒಂದು ಮದುವೆಯಲ್ಲಿ ಒಬ್ಬ ಹೆಂಗಸಿನ ಹಿಂದೆ ಎಲೆ ಎಣಿಸುತ್ತ ಎಣಿಸುತ್ತ ಊಟದ ಪಂಕ್ತಿಯವರೆಗೆ ಹೋಗಿದ್ದೆ. ಆಕೆ ತಿರುಗಿ, "ಯಾಕ್ರಿ ಯಕ್ಕಾ, ಜಂಪರಿಗೆ ಹುಳ ಹತ್ಯಾವೇನು?" ಎಂದಳು.

ಇನ್ನು ಸೀಡಿಗೆ ಬರೋಣ. ಹುಲಿಗೆಮ್ಮನನ್ನು ದೇವದುರ್ಗಕ್ಕೆ ಕೊಟ್ಟಿದ್ದೇವೆ. ಅವಳ ಗಂಡ ಟ್ರ್ಯಾಕ್ಟರ್ ಓಡಿಸುತ್ತಾನೆ. ಹೋದ ಬೇಸಿಗೆಯ ಮುಂಚೆ ಅವಳು ಹೈದರಾಬಾದಿನ ಒಬ್ಬ ವ್ಯಾಪಾರಿಯಿಂದ ಕಂಪ್ಯೂಟರ್ ಕಸೂತಿ ಮಷೀನು ತರಿಸಿದಳು, ಯಾರೋ ಬಳಸಿ ಬಿಟ್ಟದ್ದು. ಅದರ ಹೊಟ್ಟೆಯಲ್ಲಿ ಒಂದಿಷ್ಟು ಹೂವು, ನವಿಲು ಮೊದಲೇ ಇದ್ದವು. ನಮಗೆ ಬೇಕಾದ ಚಿತ್ರವನ್ನು ಹೊಲಿಗೆ ಮಾಡಬೇಕೆಂದರೆ ಬೇರೆ ಸಾಫ್ಟ್‌ವೇರ್ ಬೇಕು. ಅದು ಮಷೀನಿನ ಜೊತೆ ಬಂದ ಸೀಡಿಯಲ್ಲಿತ್ತು. ಅದನ್ನು ಹಾಕಿಕೊಳ್ಳಲು ಅವಳು ರಾಯಚೂರಿನಿಂದ ಹೊಸ ಲ್ಯಾಪ್‌ಟಾಪ್ ತಂದಳು. ದೇವದುರ್ಗದ ಒಂದು ಶಾಲೆಯವರು ಮಕ್ಕಳ ಜೇಬಿನ ಮೇಲೆ ಹಾಕುವ ಬ್ಯಾಡ್ಜನ್ನು ಅವಳಿಗೇ ಒಪ್ಪಿಸಿದ್ದರು, ತೆರೆದ ಪುಸ್ತಕ, ಅದರ ಮೇಲೊಂದು ದೀಪ. ಜೂನಿನಲ್ಲಿ ಶಾಲೆ ಶುರುವಾಗುವುದರೊಳಗೆ ಆಗಬೇಕು. ಅವಳ ಅತ್ತೆಯ ಮುಂದೆ ಈ ಮಷೀನು ನಿಲ್ಲುತ್ತದೋ ಬೀಳುತ್ತದೋ ಎಂಬುದು ಆ ದೀಪದ ಮೇಲೆ ನಿಂತಿತ್ತು. ಯಾಕೆಂದರೆ ದನದ ಕೊಟ್ಟಿಗೆಯ ಅರ್ಧವನ್ನು ಬಳಿದು ಸಾರಿಸಿ ಮಷೀನು ಇಟ್ಟಿದ್ದರು, ಎಮ್ಮೆ ಅಂಗಳಕ್ಕೆ ಬಂದಿತ್ತು. ಅತ್ತೆ ಎಮ್ಮೆಯ ಪಕ್ಷ.

ಲ್ಯಾಪ್‌ಟಾಪ್ ಬಂದಾಗ ನಾನೂ ಅಲ್ಲೇ ಇದ್ದೆ. ಹುಲಿಗೆಮ್ಮ ಸೀಡಿ ಹಿಡಿದುಕೊಂಡು ಲ್ಯಾಪ್‌ಟಾಪಿನ ನಾಲ್ಕೂ ಬದಿ ನೋಡಿದಳು.

"ಯಕ್ಕಾ, ಇದಕ ಸೀಡಿ ಹಾಕೋ ಜಾಗಾನ ಇಲ್ಲ."

ನಾನು ಅದನ್ನು ಕಸಿದುಕೊಂಡು ಅಡಿಮೇಲು ಮಾಡಿದೆ, ಬೆರಳಿನಿಂದ ಸಂದಿ ತಡವಿದೆ. "ಕಿತ್ತಿಟ್ಕೊಂಡಾನ ಬೇ ಅಂವ. ಇದರಾಗಿಂದು ತಗದು ಇನ್ನೊಂದಕ್ಕ ಹಾಕಿರ್ತಾನ."

"ಈಗಿನ್ವು ಹಂಗ ಬರ್ತಾವಂತ. ಯಾವದರಾಗೂ ಇರಂಗಿಲ್ಲಂತ."

"ಯಾರು ಹೇಳಿದ್ರು?"

"ಅಂಗಡ್ಯಾತ."

"ಮತ್ತ ಅಂವ ಇನ್ನೇನು ಹೇಳ್ತಾನ?"

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. "ಬಾಯಿ ಇಲ್ಲದ್ದು ತಂದೀರಿ, ಚಲೋ ಆತು," ಎಂದಳು. "ಈ ಮನ್ಯಾಗ ಅದೊಂದರ ಸುಮ್ಮನಿರ್ತದ."

ಹುಲಿಗೆಮ್ಮನ ಮಗಳು ಭೂಮಿ, ಒಂದನೇ ಇಯತ್ತೆಗೆ ಹೋಗಬೇಕಾದವಳು, ಅಷ್ಟರಲ್ಲಿ ಸೀಡಿಯನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದಳು. ನಡುವಿನ ತೂತಿಗೆ ಸರಿಯಾಗಿ ಮೂಗು ತಂದು, "ದೊಡ್ಡವ್ವಾ, ನನಗ ಮೂಗಿಲ್ಲ ನೋಡು," ಎಂದಳು. ಹುಲಿಗೆಮ್ಮ ಗದರಿಸಿ ಕಸಿದುಕೊಂಡಳು. ಆಮೇಲೆ ಸೀಡಿಯ ಕವರನ್ನು ಟಿವಿಯ ಮೇಲಿಟ್ಟು, ಸೀಡಿಯನ್ನು ಮೆತ್ತನೆಯ ಅರಿವೆಯಲ್ಲಿ ಸುತ್ತಿ ಪೆನ್‌ಡ್ರೈವ್ ಜೊತೆ ನನಗೆ ಕೊಟ್ಟಳು. ಸೀಡಿ ಹಾಕುವ ಹಳೆಯ ಕಂಪ್ಯೂಟರ್ ಇರುವ ಅಂಗಡಿ ರಾಯಚೂರಿನಲ್ಲಿ ಸಿಗುತ್ತದೆ, ಅವರು ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಈ ಲ್ಯಾಪ್‌ಟಾಪಿಗೆ ಅದು ಸಾಕು ಎಂದು ಅವಳು ವಿವರಿಸಿದಳು. ನನಗೆ ಕೇಳಿಸಿದ್ದು ಒಂದೇ: ಇದರೊಳಗಿನದನ್ನು ಪರರ ಕೈಯಲ್ಲಿ ಇನ್ನೊಂದಕ್ಕೆ ಇಳಿಸಬೇಕು. ಅಂದರೆ ಖಾಕಾದ ಕೆಳಗೆ ಕಾಗದ ಇಡಬೇಕು.

ಅಂಗಡಿ ಸಿಕ್ಕಿತು, ಸ್ಟೇಷನ್ ರಸ್ತೆಯಲ್ಲಿ. ಮೀಸೆಗೆ ಬಣ್ಣ ಹಾಕಿದ ಒಬ್ಬ ನಡುವಯಸ್ಸಿನ ಗಂಡಸು ಕೂತಿದ್ದ. ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿದ, ಅದು ನಾಲಿಗೆ ಚಾಚಿದ ಹಾಗೆ ತಟ್ಟೆ ಚಾಚಿತು. ನನಗೆ ಆ ನಾಲಿಗೆಯೇ ಹಿಡಿಸಲಿಲ್ಲ.

"ಇಟ್ಟು ಹೋಗ್ರಿ ಯಕ್ಕಾರ. ಬಜಾರ ಮುಗಿಸಿಕೊಂಡು ಬರ್ರಿ, ಮಾಡಿ ಇಟ್ಟಿರ್ತೀನಿ."

"ನಾ ಇಲ್ಲೇ ಕುಂದರ್ತೀನಿ."

"ಕುಂದರ್ರಿ. ಸ್ವಲ್ಪ ಟೈಮ್ ಹಿಡೀತದ. ಮೊದಲ ನನ್ನ ಕಂಪ್ಯೂಟರಿಗೆ ಇಳಿಸ್ಕೋಬೇಕು, ಆಮ್ಯಾಲ ನಿಮ್ಮ ಪೆನ್‌ಡ್ರೈವಿಗೆ."

"ನಿಮ್ಮದರಾಗ ಯಾಕ ಇಳಿಸ್ಕೋತೀರಿ?"

"ಹಂಗ ಮಾಡಿದ್ರ ಸರಳ ಆಗ್ತದ್ರಿ."

"ಆಮ್ಯಾಲ ನಿಮ್ಮದರಾಗೂ ಉಳೀತದಲ್ಲ?"

"ಉಳೀತದ. ಬೇಕಾದ್ರ ಅಳಸ್ತೀನಿ."

ಬೇಕಾದರೆ ಅಂತೆ. ಯಾರಿಗೆ ಬೇಕಾದರೆ? ಅವನು ಸೀಡಿಯನ್ನು ಆ ತಟ್ಟೆಯ ಮೇಲಿಟ್ಟು ಅದರ ಮೇಲಿನ ಅಕ್ಷರ ಓದುತ್ತ, "ಇದು ಕಸೂತಿದಲ್ರಿ? ಎಲ್ಲಿ ಹಾಕೀರಿ ಮಷೀನು?" ಎಂದು ಕೇಳಿದ. ಮಾತಿಗೆ ಮಾತು ಕೇಳಿದ್ದು ಅಷ್ಟೇ, ಈಗ ಗೊತ್ತಾಗುತ್ತದೆ. ಆಗ ನನಗೆ ಅವನ ಹೆಂಡತಿ, ನಾದಿನಿಯರು ಎಲ್ಲ ಸೇರಿ ಮಷೀನು ಹಾಕಿ ದೇವದುರ್ಗದ ಶಾಲೆಯ ಗೇಟಿನಲ್ಲಿ ನಿಂತಿರುವುದು ಕಣ್ಣಿಗೆ ಕಂಡಿತು.

"ಕವಿತಾಳದಾಗ," ಎಂದು ಬಾಯಿಗೆ ಬಂದ ಊರು ಹೇಳಿದೆ.

"ಹೌದಾ? ನಮ್ಮ ಮಾವರ ಊರು ಕವಿತಾಳ. ಯಾವ ಓಣ್ಯಾಗ್ರಿ?"

ಜಿಲ್ಲೆಯಲ್ಲಿ ಇಷ್ಟು ಊರು ಇರುವಾಗ ಅವನ ಮಾವನಿಗೆ ಅಲ್ಲೇ ಮನೆ ಕಟ್ಟಬೇಕಿತ್ತೇ. ನಾನು ನಾಲಿಗೆಯ ಮೇಲಿಂದ ಸೀಡಿ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಬಿದ್ದೆ. ಅವನು ಹಿಂದಿನಿಂದ, "ಯಕ್ಕಾರ, ಪೆನ್‌ಡ್ರೈವ್ ಬಿಟ್ರಿ," ಎಂದು ಕೂಗಿ, ಎದ್ದು ಬಂದು ಕೊಟ್ಟ. ಅದನ್ನು ಕೊಟ್ಟದ್ದಕ್ಕೂ ನನಗೆ ಸಂಶಯವೇ ಬಂತು.

ಮಾನ್ವಿಯ ಬಸ್ಸಿನಲ್ಲಿ ಕೂತಾಗ ಮೈ ಹಗುರವಾಯಿತು. ಏನನ್ನೋ ಕಾಪಾಡಿಕೊಂಡು ಬಂದೆ ಅಂದುಕೊಂಡೆ. ಆದರೆ ಹಗುರವಾದದ್ದು ಅದಕ್ಕಲ್ಲ. ದೇವದುರ್ಗದ ಕಡೆಯ ಮದುಮಕ್ಕಳು ಈವರೆಗೆ ರವಿಕೆ ಹಿಡಿದುಕೊಂಡು ಮಾನ್ವಿಗೆ ನನ್ನ ಹತ್ತಿರ ಬರುತ್ತಿದ್ದರು. ನಾನು ವಾರಗಟ್ಟಲೆ ಬೆನ್ನು ಬಗ್ಗಿಸಿ ಮಾಡುವುದನ್ನು ತಂಗಿಯ ಮಷೀನು ಒಂದು ಮಧ್ಯಾಹ್ನದಲ್ಲಿ ಮಾಡುತ್ತದೆ ಎಂದು ನಾನು ಅವಳ ಮನೆಯಲ್ಲಿ ನೋಡಿ ಬಂದಿದ್ದೆ. ಅದರ ನವಿಲು ನನ್ನ ನವಿಲಿಗಿಂತ ನೆಟ್ಟಗೆ ನಿಂತಿತ್ತು. ಊರಿನವರನ್ನೆಲ್ಲ ಸಂಶಯದಿಂದ ನೋಡುವ ನಾನು, ಒಂದು ಸಲವೂ ನನ್ನನ್ನು ತಿರುಗಿ ನೋಡಿಕೊಳ್ಳಲಿಲ್ಲ. ಯಜಮಾನರು ಕನ್ನಡಿಯೊಳಗಿನವಳ ಬಗ್ಗೆ ಹುಷಾರಾಗಿರು ಎಂದದ್ದು ತಮಾಷೆಗೆ ಇರಬಹುದು.

ಹುಲಿಗೆಮ್ಮ ಫೋನ್ ಮಾಡಿದಾಗ ಕರೆಂಟ್ ಇರಲಿಲ್ಲ ಎಂದೆ. ಮುಂದಿನ ಸಲ ರಾಯಚೂರಿಗೆ ಹೋದಾಗ ಆ ರಸ್ತೆಗೇ ಹೋಗದೆ ಬಂದು, ಅಂಗಡಿ ಮುಚ್ಚಿತ್ತು, ಆ ಮನುಷ್ಯ ಮಾವನ ಊರಿಗೆ ಹೋಗಿದ್ದಾನಂತೆ ಎಂದೆ. ಸುಳ್ಳಿಗೂ ಅವನ ಮಾವನೇ ಆಸರೆಯಾದ. ಶಾಲೆಯವರು ಕೇಳುತ್ತಿದ್ದಾರೆ, ಒಂದು ಬ್ಯಾಡ್ಜನ್ನಾದರೂ ಹೊಲಿದು ತೋರಿಸಬೇಕು ಎಂದು ಅವಳು ಅವಸರ ಮಾಡಿದಳು. ನಾನೇ ರಾಯಚೂರಿಗೆ ಹೋಗುತ್ತೇನೆ, ಸೀಡಿ ಯಾರ ಕೈಯಲ್ಲಾದರೂ ಕೊಟ್ಟು ಕಳಿಸು ಎಂದಳು. ಆಗ ನನಗೆ ಗಾಬರಿಯಾಯಿತು. ಅವಳೇ ಹೋದರೆ ಆ ಮೀಸೆಯವನು ಎಲ್ಲ ಹೇಳಿಬಿಡುತ್ತಾನೆ.

"ಹೋಗಿ ಉಪಯೋಗಿಲ್ಲ ಬೇ," ಎಂದೆ. "ನಾ ಮೊನ್ನೆ ತೋರಿಸಿದೆ. ಗೆರಿ ಬಿದ್ದಾವಂತ. ಓದಂಗಿಲ್ಲಂತ ಅದು."

"ಗೆರಿ ಹ್ಯಾಂಗ ಬಿದ್ವು ಯಕ್ಕಾ? ನಾ ಅರಿವ್ಯಾಗ ಸುತ್ತಿ ಕೊಟ್ಟಿದ್ದೆ."

"ನನಗೇನು ಗೊತ್ತು. ಮನ್ಯಾಗ ಸಣ್ಣ ಹುಡುಗರು ಇದ್ದಲ್ಲಿ ಇರೂದ ಅದು."

ಅಷ್ಟು ಅನ್ನಬೇಕಾಗಿರಲಿಲ್ಲ. ಸುಳ್ಳು ಮೊದಲೇ ಪೂರ್ತಿಯಾಗಿತ್ತು. ಫೋನಿನಲ್ಲಿ ಹುಲಿಗೆಮ್ಮ, "ಏ ಭೂಮಿ, ಬಾ ಇಲ್ಲಿ," ಎಂದದ್ದು ಕೇಳಿಸಿತು, ಫೋನು ಕಟ್ಟಾಯಿತು. ನೆಟ್‌ವರ್ಕ್ ಹೋಯಿತು ಎಂದು ನಾನು ಅಂದುಕೊಂಡೆ. ಎಲ್ಲದರ ಮೇಲೂ ಸಂಶಯಪಡುವವಳು ಅದೊಂದನ್ನು ಮಾತ್ರ ಸಂಶಯವಿಲ್ಲದೆ ನಂಬಿದೆ.

ಆಮೇಲೆ ನಡೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಹುಲಿಗೆಮ್ಮ ಬೇರೆ ದಾರಿ ಕಾಣದೆ ಹೈದರಾಬಾದಿನ ವ್ಯಾಪಾರಿಗೆ ಫೋನ್ ಮಾಡಿದ್ದಾಳೆ. ಅವನು ನಕ್ಕು, ಸೀಡಿ ಯಾಕೆ ಬೇಕಮ್ಮ, ಕವರಿನ ಮೇಲೆ ಒಂದು ನಂಬರ್ ಇದೆಯಲ್ಲ, ಇಂಟರ್‌ನೆಟ್‌ನಿಂದ ಇಳಿಸಿಕೊಂಡು ಆ ನಂಬರ್ ಹಾಕಿದರಾಯಿತು ಎಂದಿದ್ದಾನೆ. ಇವಳು ಲ್ಯಾಪ್‌ಟಾಪ್ ಎತ್ತಿಕೊಂಡು, ಸಿಗ್ನಲ್ ಸಿಗುವ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದ ಪಕ್ಕದಲ್ಲಿ ಕೂತು, ಮೊಬೈಲಿನಿಂದ ಇಳಿಸಿಕೊಂಡಿದ್ದಾಳೆ. ಕೆಮ್ಮುತ್ತ ಕೆಮ್ಮುತ್ತ ಸಾಫ್ಟ್‌ವೇರ್ ಹಾಕಿಕೊಂಡವಳು ಇಡೀ ದೇಶದಲ್ಲಿ ಅವಳೊಬ್ಬಳೇ ಇರಬೇಕು. ನಾನು ಎದೆಗವಚಿಕೊಂಡು ಕಾವಲು ಕಾದದ್ದು ಗಾಳಿಯಲ್ಲೇ ಇತ್ತು. ಅದರ ಬೀಗದ ಕೈ ಟಿವಿಯ ಮೇಲೆ ಎಲ್ಲರ ಕಣ್ಣೆದುರು ಬಿದ್ದಿತ್ತು.

ಆದರೆ ಅಷ್ಟರಲ್ಲಿ ಶಾಲೆಯವರು ಕಾದು ಸಾಕಾಗಿ ಬ್ಯಾಡ್ಜಿನ ಕೆಲಸವನ್ನು ರಾಯಚೂರಿನ ಬೇರೆ ಯಾರಿಗೋ ಕೊಟ್ಟಿದ್ದರು. ಜೂನಿನಲ್ಲಿ ದೇವದುರ್ಗದ ಮಕ್ಕಳ ಜೇಬಿನ ಮೇಲೆ ದೀಪ ಹತ್ತಿತು, ನನ್ನ ತಂಗಿ ಹೊಲಿದದ್ದಲ್ಲ. ಫೋನಿನಲ್ಲಿ ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನೀನು ಎಷ್ಟು ಸಲ ತಿರಗಾಡಿದಿ ಯಕ್ಕಾ ನನ್ನ ಸಲುವಾಗಿ. ಆ ಸೀಡಿ ಇನ್ನ ಬ್ಯಾಡ, ಒಗದುಬಿಡು," ಎಂದಳು. ನಾನು ಒಗೆಯಲಿಲ್ಲ. ದುಂಡು ಎಳೆಯಲು ಬರುತ್ತದೆ ಎಂದು ಡಬ್ಬಿಗೆ ಹಾಕಿಕೊಂಡೆ.

ಮಳೆ ಶುರುವಾದ ಮೇಲೆ ಒಂದು ದಿನ ದೇವದುರ್ಗಕ್ಕೆ ಹೋದೆ. ಅವಳಿಗೆ ರವಿಕೆಯ ಕೆಲಸ ಒಂದೊಂದಾಗಿ ಬರುತ್ತಿತ್ತು. ಮಷೀನು ಮಾಡದ ಮಣಿ ಕೆಲಸವನ್ನು ನೀನು ಮಾಡಿಕೊಡು ಎಂದು ನನ್ನನ್ನೇ ಕರೆಸಿದ್ದಳು. ಮದುಮಕ್ಕಳು ನನ್ನ ಕೈ ಬಿಡುತ್ತಾರೆಂದು ನಾನು ಹೆದರಿದ್ದೆ, ಅವಳೋ ಅರ್ಧ ಕೆಲಸ ನನಗೆ ತೆಗೆದಿಟ್ಟಿದ್ದಳು. ಅಂಗಳದಲ್ಲಿ ಎಮ್ಮೆ ನನ್ನನ್ನು ನೋಡಿತು. ಅತ್ತೆ, "ಬಾ ಯವ್ವಾ. ಎಮ್ಮಿ ಮಳ್ಯಾಗ ಅದ, ಮಷೀನ್ ನೆಳ್ಳಾಗ ಅದ, ನಡದದ ಸಂಸಾರ," ಎಂದಳು.

ಕೊಟ್ಟಿಗೆಯಲ್ಲಿ ಮಷೀನು ಟಕಟಕ ಎಂದು ಓಡುತ್ತಿತ್ತು. ಮಾತು ಕೇಳಿಸದಷ್ಟು ಸದ್ದು. ನಾನು ಕೆಳಗೆ ಕೂತು ಡಬ್ಬಿ ಬಿಚ್ಚಿದೆ. ಭೂಮಿ ಪಕ್ಕದಲ್ಲಿ ಕೂತು ಒಳಗೆ ಇಣುಕಿದವಳು, ಸೀಡಿ ಕಂಡ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡಳು. ಹಾವು ಕಂಡವರು ಎಳೆದುಕೊಳ್ಳುವ ಹಾಗೆ.

"ಯಾಕ ಯವ್ವಾ? ತಗೋ, ಮುಖ ನೋಡ್ಕೋ."

"ಒಲ್ಲೆ. ಅವ್ವ ಹೊಡೀತಾಳ."

"ಯಾಕ ಹೊಡೀತಾಳ?"

"ಅವಾಗ ಹೊಡದಿದ್ಳು. ಗೆರಿ ಹಾಕೀದಿ ಅಂತ, ಬಾರಿಕೋಲು ತಗೊಂಡು." ಮಷೀನಿನ ಸದ್ದಿಗೆ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳುತ್ತಿದ್ದಳು. "ನಾ ಹಾಕಿಲ್ಲ ದೊಡ್ಡವ್ವಾ. ಮುಖ ಅಷ್ಟ ನೋಡ್ಕೊಂಡಿದ್ದೆ."

ಅವಳು ಮೆಲ್ಲಗೆ ಒಂದು ಬೆರಳು ಚಾಚಿ ಸೀಡಿಯನ್ನು ಮುಟ್ಟಿದಳು. ಆಮೇಲೆ ಎತ್ತಿಕೊಂಡು ಬಾಗಿಲಿನ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ವಾಲಿಸಿ ವಾಲಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಮದುವೆ ಮನೆಗಳಲ್ಲಿ ಎಲೆ ಹುಡುಕಿದಷ್ಟು ಶ್ರದ್ಧೆಯಿಂದ.

"ಗೆರಿ ಎಲ್ಲದಾವ ದೊಡ್ಡವ್ವಾ?"

ಅವಳ ದನಿಯಲ್ಲಿ ಸಂಶಯ ಇರಲಿಲ್ಲ. ಗೆರೆ ಇದೆ, ತನಗೆ ಕಾಣುತ್ತಿಲ್ಲ, ದೊಡ್ಡವ್ವ ತೋರಿಸುತ್ತಾಳೆ ಎಂದು ಕೇಳಿದ್ದಳು. ನಾನು ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ತಗ್ಗಿಸಿದೆ.

ಹುಲಿಗೆಮ್ಮ ನಮ್ಮ ಕಡೆ ಬೆನ್ನು ಮಾಡಿ ಮಷೀನಿನ ಮುಂದೆ ನಿಂತಿದ್ದಳು. ಅವಳ ಬೆನ್ನಿಗೆ ಹೇಳಿದೆ: "ಹುಲಿಗಿ, ತಪ್ಪಾತು." ಆ ಟಕಟಕದಲ್ಲಿ ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಹೇಳಿದಂತೆಯೂ ಆಯಿತು, ಕೇಳಿಸದಂತೆಯೂ ಆಯಿತು ಎಂದು ನನ್ನೊಳಗಿನವಳು ಆಗಲೇ ಬಸ್ಸಿನಲ್ಲಿ ಕೂತ ಹಾಗೆ ಚೀಲ ಎಳೆದುಕೊಂಡು ಕೂತಿದ್ದಳು.

ಆಗ ಮಷೀನಿನ ದಾರ ಹರಿಯಿತು. ಕೈಯಲ್ಲಿ ಹಾಕುವವರು ದಾರ ಹರಿದದ್ದು ತಿಳಿಯದೆ ನಾಲ್ಕು ಹೊಲಿಗೆ ಮುಂದೆ ಹೋಗಿರುತ್ತೇವೆ. ಅದು ಹಾಗಲ್ಲ, ದಾರ ಹರಿದರೆ ತಾನಾಗಿಯೇ ನಿಂತುಬಿಡುತ್ತದೆ. ಕೊಟ್ಟಿಗೆ ಒಮ್ಮೆಲೇ ಸುಮ್ಮನಾಯಿತು. ಅಂಗಳದಲ್ಲಿ ಎಮ್ಮೆ ಮೆಲುಕು ಹಾಕುವುದೂ ಕೇಳಿಸಿತು.

ಹುಲಿಗೆಮ್ಮ ದಾರದ ತುದಿ ಹಿಡಿದುಕೊಂಡು ತಿರುಗಿದಳು. "ಏನೋ ಅಂದ್ಯಲ್ಲ ಯಕ್ಕಾ, ಏನಂದಿ?"

"ಸೀಡಿ ಮ್ಯಾಲ ಗೆರಿ ಇಲ್ಲ ಬೇ," ಎಂದೆ. "ಯಾವಾಗೂ ಇರಲಿಲ್ಲ. ಆ ಅಂಗಡ್ಯಾತ ಮಾಡಿಕೊಡ್ತಿದ್ದ, ನಾನ ಕಸಗೊಂಡು ಬಂದೆ. ಕರೆಂಟ್ ಇಲ್ಲ ಅಂದದ್ದೂ ಸುಳ್ಳು, ಅಂಗಡಿ ಮುಚ್ಚಿತ್ತು ಅಂದದ್ದೂ ಸುಳ್ಳು. ನಿನ್ನ ಮಷೀನ್ ನಡದ್ರ ನನ್ನ ಕಡಿ ಯಾರು ಬರ್ತಾರ ಅಂತ ನನ್ನ ಹೊಟ್ಟ್ಯಾಗ ಇತ್ತು. ನಿನ್ನ ಬ್ಯಾಡ್ಜಿನ ಕೆಲಸ ನನ್ನಿಂದ ಹೋತು."

ಹುಲಿಗೆಮ್ಮ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮಗಳ ಕಡೆ ನೋಡಿದಳು. ಭೂಮಿ ಇನ್ನೂ ಬೆಳಕಿನಲ್ಲಿ ಸೀಡಿ ವಾಲಿಸಿ ಗೆರೆ ಹುಡುಕುತ್ತಿದ್ದಳು. ನಾನು ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಹುಡುಕಬ್ಯಾಡ ಯವ್ವಾ, ಸಿಗಂಗಿಲ್ಲ. ನೀನು ಏನೂ ಮಾಡಿಲ್ಲ. ನಿನಗ ಬಿದ್ದ ಏಟು ನನಗ ಬೀಳಬೇಕಿತ್ತು. ನಂದ ತಪ್ಪಾತು."